ಕೋಡ್ ಬರೆಯದವರೂ ಬಗ್ ಹಿಡಿಯಬಹುದು: ಓಪನ್ ಸೋರ್ಸ್ ಬಳಕೆದಾರರಿಗೆ ಸಮಗ್ರ ಮಾರ್ಗದರ್ಶಿ

‘ಓಪನ್ ಆಫೀಸ್‌ನಲ್ಲಿ ಮಂಗಳವಾರ ಮಾತ್ರ ಪ್ರಿಂಟ್ ಆಗುವುದಿಲ್ಲ.’ 2009ರ ಸುಮಾರಿಗೆ ಲಿನಕ್ಸ್ ಆಧರಿಸಿದ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂನ ಬಳಕೆದಾರರ ನಡುವೆ ಇಂಥದ್ದೊಂದು ದೂರು ಓಡಾಡುತ್ತಿತ್ತು. ಓದಿದವರಿಗೆ ತಮಾಷೆ ಅನ್ನಿಸುವುದು ಸಹಜ. ಕಂಪ್ಯೂಟರಿಗೆ ಯಾವ ವಾರವಾದರೇನು, ಅಲ್ವಾ? ಆದರೆ ದೂರು ನಿಜವಾಗಿತ್ತು. ಪ್ರಿಂಟರಿಗೆ ಹೋಗುವ ಪೋಸ್ಟ್‌ಸ್ಕ್ರಿಪ್ಟ್ ಫೈಲಿನ ಮೊದಲ ಸಾಲುಗಳಲ್ಲಿ ಅದು ತಯಾರಾದ ವಾರ, ತಾರೀಖು ಇರುತ್ತದೆ. ಮಂಗಳವಾರದ ಇಂಗ್ಲಿಷ್ ಹೆಸರಿನ ಮೊದಲ ಮೂರು ಅಕ್ಷರ ಅಲ್ಲಿ ಬರುತ್ತದೆ. ಒಂದು ಫೈಲ್ ಯಾವ ಬಗೆಯದು ಎಂದು ಊಹಿಸುವ, ‘ಫೈಲ್’ ಎಂದೇ ಹೆಸರಿರುವ ಪುಟ್ಟ ಪ್ರೋಗ್ರಾಂ ಒಂದಿದೆ. ಅದರ ನಿಯಮಗಳಲ್ಲಿ ಒಂದು ತಪ್ಪಾಗಿತ್ತು. ಒಂದು ಗೊತ್ತಾದ ಜಾಗದಲ್ಲಿ ಆ ಮೂರು ಅಕ್ಷರ ಕಂಡರೆ ಸಾಕು, ಇದು ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಫೈಲ್ ಅಂತ ಅದು ತೀರ್ಮಾನಿಸಿಬಿಡುತ್ತಿತ್ತು. ಪ್ರಿಂಟ್ ವ್ಯವಸ್ಥೆ ಅದರ ಮಾತು ನಂಬಿ ಸುಮ್ಮನಾಗುತ್ತಿತ್ತು.

ಇದನ್ನು ಡೆವಲಪರ್ ಒಬ್ಬರೇ ಕೂತು ಹುಡುಕಿದ್ದರೆ ಎಲ್ಲಿಂದ ಶುರು ಮಾಡಬೇಕಿತ್ತು? ಓಪನ್ ಆಫೀಸ್‌ನ ಲಕ್ಷಾಂತರ ಸಾಲು ಕೋಡ್, ಪ್ರಿಂಟರ್ ಡ್ರೈವರ್, ಪ್ರಿಂಟ್ ವ್ಯವಸ್ಥೆ, ಎಲ್ಲವೂ ಅನುಮಾನದ ಪಟ್ಟಿಯಲ್ಲಿ ಇರುತ್ತಿತ್ತು. ‘ಮಂಗಳವಾರ ಮಾತ್ರ’ ಎಂಬ ಒಂದು ಮಾತು ಆ ಜಾಗವನ್ನು ಥಟ್ಟನೆ ಕಿರಿದು ಮಾಡಿತು.

ಓಪನ್ ಸೋರ್ಸ್‌ಗೆ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಪ್ರೋಗ್ರಾಂಗಳಿಗೆ, ಬಳಕೆದಾರರು ಮಾಡಬಹುದಾದ ದೊಡ್ಡ ಉಪಕಾರ ಇದೇ ಅಂತ ನನ್ನ ಅಭಿಪ್ರಾಯ. ಬಗ್ (ಪ್ರೋಗ್ರಾಮಿನ ದೋಷ) ಸರಿ ಮಾಡುವುದಕ್ಕಿಂತ ಅದು ಎಲ್ಲಿದೆ ಎಂದು ಹುಡುಕುವುದಕ್ಕೇ ಡೆವಲಪರ್‌ಗಳ ಸಮಯ ಜಾಸ್ತಿ ಹೋಗುವುದುಂಟು. ಹುಡುಕಬೇಕಾದ ಜಾಗವನ್ನು ನೀವು ಚಿಕ್ಕದು ಮಾಡಿಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಇದಕ್ಕೆ ಪ್ರೋಗ್ರಾಮಿಂಗ್ ಬರಲೇಬೇಕು ಅಂತಿಲ್ಲ. ತಾಳ್ಮೆ ಬೇಕು, ಸ್ವಲ್ಪ ಶಿಸ್ತು ಬೇಕು. ಕೆಳಗಿನ ಹಂತಗಳೆಲ್ಲ ಈ ಒಂದೇ ಗುರಿಗೆ ಸೇರಿದವು.

ಹಂತ 1: ಬಗ್ ಕಂಡ ಕ್ಷಣ ಏನೂ ಮುಟ್ಟಬೇಡಿ

ಪ್ರೋಗ್ರಾಂ ಕ್ರ್ಯಾಶ್ ಆದ ತಕ್ಷಣ ನಮ್ಮ ಕೈ ಅದನ್ನು ಮುಚ್ಚಿ ಮತ್ತೆ ತೆರೆಯಲು ಹೋಗುತ್ತದೆ. ಒಂದು ನಿಮಿಷ ತಡೆಯಿರಿ. ಪರದೆ ಮೇಲೆ ಏನಿದೆ, ಕೊನೆಯದಾಗಿ ಏನು ಒತ್ತಿದಿರಿ, ಎಷ್ಟು ಗಂಟೆಗೆ ಆಯಿತು, ಇಷ್ಟನ್ನು ಬರೆದಿಡಿ. ಗಂಟೆ ಮುಖ್ಯ. ಆಮೇಲೆ ಲಾಗ್‌ನಲ್ಲಿ, ಅಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ಫೈಲಿನಲ್ಲಿ, ಸಾವಿರ ಸಾಲುಗಳ ನಡುವೆ ಹುಡುಕುವಾಗ ಅದೇ ದಾರಿ ತೋರಿಸುವುದು.

ತಪ್ಪಿನ ಸಂದೇಶ ಬಂದಿದ್ದರೆ ಅದನ್ನು ಇದ್ದ ಹಾಗೇ ಕಾಪಿ ಮಾಡಿಕೊಳ್ಳಿ. ‘ಏನೋ ಪರ್ಮಿಷನ್ ಅಂತ ಬಂತು’ ಎಂದು ನೆನಪಿನಿಂದ ಬರೆದರೆ ಪ್ರಯೋಜನ ಕಡಿಮೆ. ಡೆವಲಪರ್ ಆ ಸಂದೇಶದ ಪದಗಳನ್ನೇ ಕೋಡ್‌ನಲ್ಲಿ ಹುಡುಕುತ್ತಾರೆ. ಒಂದು ಪದ ಬದಲಾದರೂ ಸಿಗುವುದಿಲ್ಲ. ಅದೇ ಕಾರಣಕ್ಕೆ ಬರಹವನ್ನು ಸ್ಕ್ರೀನ್‌ಶಾಟ್ ಆಗಿ ಕಳಿಸಬೇಡಿ, ಅಕ್ಷರವಾಗಿಯೇ ಕಳಿಸಿ. ಚಿತ್ರ ಬೇಕಾಗುವುದು ಬಣ್ಣ, ಜೋಡಣೆ, ಅಕ್ಷರದ ಆಕಾರದಂಥ ಕಣ್ಣಿಗೆ ಕಾಣುವ ದೋಷಗಳಿಗೆ. ನಿಮ್ಮ ಪ್ರೋಗ್ರಾಂ ಬೇರೆ ಭಾಷೆಯಲ್ಲಿ ನಡೆಯುತ್ತಿದ್ದರೆ ಒಮ್ಮೆ ಇಂಗ್ಲಿಷಿಗೆ ಬದಲಿಸಿ ಅದೇ ತಪ್ಪನ್ನು ಮತ್ತೆ ಬರಿಸಿ. ಮೂಲ ಕೋಡ್‌ನಲ್ಲಿ ಸಾಮಾನ್ಯವಾಗಿ ಇರುವುದು ಇಂಗ್ಲಿಷ್ ಸಂದೇಶವೇ.

ಹಂತ 2: ಬೇಕೆಂದಾಗ ಬರಿಸಲು ಕಲಿಯಿರಿ

ಒಮ್ಮೆ ಬಂದು ಮಾಯವಾದ ಬಗ್‌ನ ಬಗ್ಗೆ ಯಾರೂ ಹೆಚ್ಚೇನೂ ಮಾಡಲಾಗದು. ಹಾಗಾಗಿ ಮೊದಲ ದೊಡ್ಡ ಕೆಲಸ ಅದನ್ನು ರೀಪ್ರೊಡ್ಯೂಸ್ ಮಾಡುವುದು, ಅಂದರೆ ನಮಗೆ ಬೇಕಾದಾಗ ಬರಿಸುವುದು.

ನೆನಪಿರುವ ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಮಾಡಿ ನೋಡಿ. ಬಂತೇ? ಈಗ ಒಂದೊಂದೇ ಹೆಜ್ಜೆ ಕೈಬಿಟ್ಟು ಮತ್ತೆ ನೋಡಿ. ಬಿಟ್ಟರೂ ಬಗ್ ಬರುತ್ತಿದ್ದರೆ ಆ ಹೆಜ್ಜೆಗೂ ಬಗ್‌ಗೂ ಸಂಬಂಧವಿಲ್ಲ, ಅದನ್ನು ಪಟ್ಟಿಯಿಂದ ತೆಗೆಯಿರಿ. ಒಂದು ದೊಡ್ಡ ಡಾಕ್ಯುಮೆಂಟ್ ತೆರೆದಾಗ ಕ್ರ್ಯಾಶ್ ಆಗುತ್ತಿದೆ ಅಂದುಕೊಳ್ಳಿ. ಅದರ ಪ್ರತಿ ಮಾಡಿಕೊಂಡು ಅರ್ಧ ಭಾಗ ಅಳಿಸಿ. ಇನ್ನೂ ಕ್ರ್ಯಾಶ್ ಆದರೆ ದೋಷ ಉಳಿದ ಅರ್ಧದಲ್ಲಿದೆ. ಆಗದಿದ್ದರೆ ಅಳಿಸಿದ ಅರ್ಧದಲ್ಲಿದೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಇನ್ನೂರು ಪುಟದ ಡಾಕ್ಯುಮೆಂಟ್ ಸ್ವಲ್ಪ ಹೊತ್ತಿನಲ್ಲೇ ಒಂದು ಪ್ಯಾರಾ ಅಥವಾ ಒಂದು ಕೋಷ್ಟಕಕ್ಕೆ ಇಳಿಯುತ್ತದೆ. ಇಂಥ ಪುಟ್ಟ ಫೈಲ್ ಸಿಕ್ಕಿದರೆ ಡೆವಲಪರ್‌ಗಳಿಗೆ ಹಬ್ಬ. ಜೊತೆಗೆ ನಿಮ್ಮ ಖಾಸಗಿ ವಿಷಯವೂ ಫೈಲಿನಿಂದ ಹೊರಗೆ ಹೋಗಿರುತ್ತದೆ.

ಮುಂದೆ ನಿಮ್ಮ ಸೆಟ್ಟಿಂಗ್‌ಗಳ ಮೇಲೆ ಅನುಮಾನ ಪಡಿ. ಫೈರ್‌ಫಾಕ್ಸ್‌ನಲ್ಲಿ ಟ್ರಬಲ್‌ಶೂಟ್ ಮೋಡ್ ಇದೆ, ಲಿಬ್ರೆ ಆಫೀಸ್‌ನಲ್ಲಿ ಸೇಫ್ ಮೋಡ್ ಇದೆ. ಎರಡೂ ಆಡ್-ಆನ್‌ಗಳನ್ನು, ಕೆಲವು ಸೆಟ್ಟಿಂಗ್‌ಗಳನ್ನು ಬದಿಗಿಟ್ಟು ಪ್ರೋಗ್ರಾಂ ತೆರೆಯುತ್ತವೆ. ಅಲ್ಲಿ ಬಗ್ ಬರದಿದ್ದರೆ ಆಡ್-ಆನ್‌ಗಳನ್ನು ಒಂದೊಂದಾಗಿ ಆನ್ ಮಾಡುತ್ತಾ ಕಳ್ಳನನ್ನು ಹಿಡಿಯಿರಿ. ಇಂಥ ಸೌಲಭ್ಯ ಇಲ್ಲದ ಪ್ರೋಗ್ರಾಂ ಆದರೆ ಕಂಪ್ಯೂಟರಿನಲ್ಲಿ ಹೊಸ ಬಳಕೆದಾರ ಖಾತೆ ತೆರೆದು ಅಲ್ಲಿ ಪರೀಕ್ಷಿಸಿ. ಹಳೆಯ ಸೆಟ್ಟಿಂಗ್‌ಗಳ ಕಾಟ ಅಲ್ಲಿರುವುದಿಲ್ಲ.

ಎಷ್ಟು ಪ್ರಯತ್ನಪಟ್ಟರೂ ಆಗೊಮ್ಮೆ ಈಗೊಮ್ಮೆ ಮಾತ್ರ ಬರುತ್ತದೆಯೇ? ಆಗ ಹತ್ತು ಸಲ ಮಾಡಿ, ಎಷ್ಟು ಸಲ ಬಂತು ಎಂದು ಎಣಿಸಿ. ‘ಹತ್ತರಲ್ಲಿ ಮೂರು ಸಲ’ ಎನ್ನುವುದು ಒಳ್ಳೆಯ ಮಾಹಿತಿ. ‘ಕೆಲವೊಮ್ಮೆ’ ಎನ್ನುವುದು ಅಲ್ಲ. ಒಂದೇ ಪ್ರೋಗ್ರಾಮಿನೊಳಗೆ ಎರಡು ಕೆಲಸ ಒಟ್ಟಿಗೆ ನಡೆದು, ಯಾವುದು ಮೊದಲು ಮುಗಿಯುತ್ತದೆ ಎನ್ನುವುದರ ಮೇಲೆ ಫಲಿತಾಂಶ ಬದಲಾಗುವ ಬಗ್‌ಗಳು ಹೀಗೆ ಕಣ್ಣಾಮುಚ್ಚಾಲೆ ಆಡುತ್ತವೆ. ಕಂಪ್ಯೂಟರಿಗೆ ಬೇರೆ ಕೆಲಸ ಕೊಟ್ಟು ನಿಧಾನ ಮಾಡಿ ನೋಡಿ. ಸಲೀಸಾಗಿ ಬಂದುಬಿಡಬಹುದು.

ಹಂತ 3: ಇದು ಯಾರ ಬಗ್ ಎಂದು ಪತ್ತೆ ಮಾಡಿ

ನೀವು ಬಳಸುವ ಪ್ರೋಗ್ರಾಂ ಅದನ್ನು ಬರೆದವರಿಂದ ನೇರವಾಗಿ ಬಂದಿರಬೇಕಿಲ್ಲ. ಡೆಬಿಯನ್, ಉಬುಂಟು, ಫೆಡೋರಾದಂಥ ಡಿಸ್ಟ್ರೋಗಳು (ಲಿನಕ್ಸ್ ಆಧರಿಸಿದ ಸಿದ್ಧ ಆಪರೇಟಿಂಗ್ ಸಿಸ್ಟಂಗಳು) ಮೂಲ ಕೋಡ್ ತಂದು, ತಮ್ಮ ಬದಲಾವಣೆ ಸೇರಿಸಿ, ಪ್ಯಾಕೇಜ್ ಮಾಡಿ ಕೊಡುತ್ತವೆ. ಮೂಲ ಯೋಜನೆಗೆ ಅಪ್‌ಸ್ಟ್ರೀಮ್ ಎನ್ನುತ್ತಾರೆ. ದೋಷ ಅಪ್‌ಸ್ಟ್ರೀಮ್‌ನಲ್ಲೂ ಇರಬಹುದು, ಡಿಸ್ಟ್ರೋ ಸೇರಿಸಿದ ಬದಲಾವಣೆಯಲ್ಲೂ ಇರಬಹುದು, ಎರಡಕ್ಕೂ ಆಧಾರವಾದ ಬೇರೊಂದು ಲೈಬ್ರರಿಯಲ್ಲೂ (ಹಲವು ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಇರಬಹುದು. ಮಂಗಳವಾರದ ಬಗ್ ಓಪನ್ ಆಫೀಸ್ ಹೆಸರಿನಲ್ಲಿ ಓಡಾಡಿದರೂ ಓಪನ್ ಆಫೀಸ್‌ನದ್ದು ಆಗಿರಲಿಲ್ಲ, ನೋಡಿ.

ಪತ್ತೆ ಮಾಡುವ ಸುಲಭ ದಾರಿ, ಅಪ್‌ಸ್ಟ್ರೀಮ್‌ನ ಹೊಸ ಆವೃತ್ತಿಯನ್ನು ಪ್ರತ್ಯೇಕವಾಗಿ ಓಡಿಸಿ ನೋಡುವುದು. ಎಷ್ಟೋ ಯೋಜನೆಗಳು ಇನ್‌ಸ್ಟಾಲ್ ಮಾಡದೆ ಓಡಿಸಬಹುದಾದ ಆಪ್‌ಇಮೇಜ್ ಅಥವಾ ಡಿಸ್ಟ್ರೋ ಪ್ಯಾಕೇಜಿನಿಂದ ಬೇರೆಯಾಗಿ ಇನ್‌ಸ್ಟಾಲ್ ಆಗುವ ಫ್ಲಾಟ್‌ಪ್ಯಾಕ್ ರೂಪದಲ್ಲಿ ಕೊಡುತ್ತವೆ. ಅಲ್ಲೂ ಬಗ್ ಬಂದರೆ ಅಪ್‌ಸ್ಟ್ರೀಮ್‌ಗೆ ಹೇಳಿ. ಹೊಸದರಲ್ಲಿ ಸರಿಯಾಗಿದ್ದರೆ, ಆ ಪರಿಹಾರವನ್ನು ಹಳೆಯ ಆವೃತ್ತಿಗೂ ತನ್ನಿ ಎಂದು ಡಿಸ್ಟ್ರೋವನ್ನು ಕೇಳಿ. ಗೊತ್ತೇ ಆಗದಿದ್ದರೆ ಡಿಸ್ಟ್ರೋಗೆ ಹೇಳುವುದು ಸುರಕ್ಷಿತ. ಸರಿಯಾದ ಜಾಗಕ್ಕೆ ಅವರೇ ದಾಟಿಸುತ್ತಾರೆ.

ಅಪ್‌ಸ್ಟ್ರೀಮ್‌ಗೂ ಡಿಸ್ಟ್ರೋಗೂ ನಡುವೆ ಮಾತುಕತೆ ಸರಿಯಾಗಿ ನಡೆಯದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಕಹಿ ಉದಾಹರಣೆ ಇದೆ. ಓಪನ್‌ಎಸ್‌ಎಸ್‌ಎಲ್ ಎನ್ನುವುದು ಇಂಟರ್‌ನೆಟ್ ಸಂಪರ್ಕವನ್ನು ಗೂಢಲಿಪಿಯಿಂದ ಕಾಪಾಡುವ ಲೈಬ್ರರಿ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ಎರಡು ಸಾಲುಗಳನ್ನು ತೆಗೆದರು. ವಾಲ್‌ಗ್ರೈಂಡ್ ಎಂಬ ಪರೀಕ್ಷಾ ಉಪಕರಣ ಅವುಗಳ ಬಗ್ಗೆ ಎಚ್ಚರಿಕೆ ಕೊಡುತ್ತಿತ್ತು. ಉದ್ದೇಶ ಒಳ್ಳೆಯದೇ. ಆದರೆ ರಹಸ್ಯ ಕೀಲಿಗಳನ್ನು ಊಹಿಸಲಾಗದಂತೆ ಮಾಡುವ ಮಾಹಿತಿ ಒಳಗೆ ಸೇರುತ್ತಿದ್ದುದೇ ಆ ದಾರಿಯಲ್ಲಿ. ಉಳಿದದ್ದು ಪ್ರೋಗ್ರಾಮಿನ ಪ್ರೋಸೆಸ್ ಸಂಖ್ಯೆಯೊಂದೇ. ಅದು ಆಗ ಸಾಮಾನ್ಯವಾಗಿ 32,768ನ್ನು ದಾಟುತ್ತಿರಲಿಲ್ಲ. ಅಂದರೆ ಒಂದು ಬಗೆಯ, ಒಂದು ಉದ್ದದ ಕೀಲಿಗಳೆಲ್ಲ ಸುಮಾರು ಅಷ್ಟೇ! ಇದು ಬಯಲಾದದ್ದು 2008ರ ಮೇ ತಿಂಗಳಲ್ಲಿ. ಆ ಹೊತ್ತಿಗೆ ಡೆಬಿಯನ್, ಉಬುಂಟುಗಳಲ್ಲಿ ತಯಾರಾಗಿದ್ದ ದುರ್ಬಲ ಕೀಲಿಗಳನ್ನೆಲ್ಲ ಎಸೆದು ಹೊಸದಾಗಿ ಮಾಡಬೇಕಾಯಿತು.

ಹಂತ 4: ಮೊದಲೇ ಯಾರಾದರೂ ಹೇಳಿದ್ದಾರಾ?

ಯೋಜನೆಯ ಟ್ರ್ಯಾಕರ್‌ನಲ್ಲಿ, ಅಂದರೆ ಬಗ್ ವರದಿಗಳೆಲ್ಲ ಸೇರುವ ವೆಬ್‌ಸೈಟಿನಲ್ಲಿ, ಹುಡುಕಿ. ತಪ್ಪಿನ ಸಂದೇಶದ ವಿಶಿಷ್ಟ ಪದಗಳಿಂದ ಹುಡುಕಿದರೆ ಬೇಗ ಸಿಗುತ್ತದೆ. ಮುಚ್ಚಿದ ವರದಿಗಳಲ್ಲೂ ನೋಡಿ, ಪರಿಹಾರ ಅಲ್ಲೇ ಇರಬಹುದು. ನಿಮ್ಮದೇ ಬಗ್ ಸಿಕ್ಕಿದರೆ ‘ನನಗೂ ಹೀಗೇ ಆಗಿದೆ’ ಎಂದಷ್ಟೇ ಬರೆಯಬೇಡಿ. ಆ ಒಂದು ಸಾಲು ವರದಿಯನ್ನು ಹಿಂಬಾಲಿಸುವ ಎಲ್ಲರ ಇನ್‌ಬಾಕ್ಸ್‌ಗೂ ಹೋಗುತ್ತದೆ. ಮೇಲೆತ್ತಿದ ಹೆಬ್ಬೆರಳಿನ ಚಿಹ್ನೆ ಒತ್ತುವ ಸೌಲಭ್ಯವಿದ್ದರೆ ಅದು ಸಾಕು. ಹೊಸ ಮಾಹಿತಿ ಇದ್ದರೆ ಮಾತ್ರ ಬರೆಯಿರಿ: ಬೇರೆ ಗ್ರಾಫಿಕ್ಸ್ ಕಾರ್ಡ್, ಬೇರೆ ಆವೃತ್ತಿ, ಬಗ್ ಬರದಂತೆ ಮಾಡುವ ಉಪಾಯ.

ಸಂಬಂಧ ಇದೆಯೋ ಇಲ್ಲವೋ ಅನುಮಾನವಿದ್ದರೆ ಹೊಸ ವರದಿ ತೆರೆದು ಹಳೆಯದರ ಕೊಂಡಿ ಕೊಡಿ. ಎರಡು ವರದಿಯನ್ನು ಒಂದು ಮಾಡುವುದು ಸುಲಭ. ಒಂದೇ ವರದಿಯೊಳಗೆ ಬೆರೆತುಹೋದ ಎರಡು ಬಗ್‌ಗಳನ್ನು ಬಿಡಿಸುವುದು ತಲೆನೋವು.

ಹಂತ 5: ವರದಿ ಬರೆಯುವುದು

ಇದೇ ಮುಖ್ಯ ಹಂತ. ‘ಫೋಟೋ ಎಡಿಟರ್ ಕೆಲಸ ಮಾಡ್ತಿಲ್ಲ, ದಯವಿಟ್ಟು ಬೇಗ ಸರಿ ಮಾಡಿ’ ಎನ್ನುವಂಥ ವರದಿಗಳು ಎಲ್ಲ ಯೋಜನೆಗಳಿಗೂ ಬರುತ್ತವೆ. ಅದರಲ್ಲಿ ಡೆವಲಪರ್ ಹಿಡಿದುಕೊಳ್ಳಲು ಏನೂ ಇಲ್ಲ. ಅದೇ ವಿಷಯವನ್ನು ಹೀಗೆ ಬರೆದರೆ?

ಶೀರ್ಷಿಕೆ: ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರ ತಿರುಗಿಸಿ ಸೇವ್ ಮಾಡಿದರೆ ಹಿನ್ನೆಲೆ ಕಪ್ಪಾಗುತ್ತದೆ
ಆವೃತ್ತಿ: 4.2.1, ಡಿಸ್ಟ್ರೋ ಪ್ಯಾಕೇಜ್. 4.1ರಲ್ಲಿ ಸರಿಯಿತ್ತು.
ಹೆಜ್ಜೆಗಳು: ಜೊತೆಗಿರುವ ಚಿತ್ರ ತೆರೆಯಿರಿ. ಬಲಕ್ಕೆ 90 ಡಿಗ್ರಿ ತಿರುಗಿಸಿ. ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಆ ಹೊಸ ಫೈಲ್ ತೆರೆಯಿರಿ.
ಆಗಬೇಕಾದದ್ದು: ಹಿನ್ನೆಲೆ ಪಾರದರ್ಶಕವಾಗಿಯೇ ಇರಬೇಕು.
ಆದದ್ದು: ಹಿನ್ನೆಲೆ ಪೂರ್ತಿ ಕಪ್ಪು.
ಎಷ್ಟು ಸಲ: ಪ್ರತಿ ಸಲ.
ಬೇರೆ ಗಮನಿಸಿದ್ದು: ತಿರುಗಿಸದೆ ಸೇವ್ ಮಾಡಿದರೆ ಸರಿ ಇರುತ್ತದೆ. ಅದೇ ಚಿತ್ರ ವೆಬ್‌ಪಿ ರೂಪದಲ್ಲಿದ್ದರೆ ತಿರುಗಿಸಿದರೂ ಸರಿ ಇರುತ್ತದೆ.

ಕೊನೆಯ ಸಾಲು ನೋಡಿ. ಸೇವ್ ಮಾಡುವ ಕೋಡ್ ಒಂದೇ ಅಲ್ಲ, ತಿರುಗಿಸುವ ಕೋಡ್ ಒಂದೇ ಅಲ್ಲ, ಪಿಎನ್‌ಜಿಯಲ್ಲಿ ಇವೆರಡೂ ಸೇರುವ ಜಾಗದಲ್ಲಿ ದೋಷ ಇರಬೇಕು ಎಂದು ಅದು ಹೇಳುತ್ತದೆ. ಎಲ್ಲಿ ಬಗ್ ಬರುವುದಿಲ್ಲ ಎನ್ನುವುದಕ್ಕೂ ಬರುವ ಜಾಗದಷ್ಟೇ ಬೆಲೆ ಇದೆ. ಅನೇಕರು ಇದನ್ನು ಬರೆಯುವುದೇ ಇಲ್ಲ.

ನೀವು ಕಂಡದ್ದನ್ನೂ ನಿಮ್ಮ ಊಹೆಯನ್ನೂ ಬೇರೆ ಬೇರೆ ಇಡಿ. ‘ಮೆಮೊರಿ ಸೋರಿಕೆ ಇದೆ’ ಎನ್ನುವುದು ಊಹೆ. ‘ಒಂದು ಗಂಟೆ ತೆರೆದಿಟ್ಟರೆ ಮೆಮೊರಿ ಬಳಕೆ 300 ಎಂಬಿಯಿಂದ 2 ಜಿಬಿಗೆ ಏರುತ್ತದೆ’ ಎನ್ನುವುದು ಕಂಡದ್ದು. ಊಹೆ ಹೇಳಬಾರದು ಅಂತಲ್ಲ. ಅದು ಊಹೆ ಎಂದು ತಿಳಿಸಿ ಹೇಳಿ, ಅಷ್ಟೇ. ಒಂದು ವರದಿಯಲ್ಲಿ ಒಂದೇ ಬಗ್ ಇರಲಿ.

ಆವೃತ್ತಿಯ ವಿವರ ಕೈಯಿಂದ ಬರೆಯುವ ಬದಲು ಪ್ರೋಗ್ರಾಂ ಕೊಡುವುದನ್ನೇ ಅಂಟಿಸಿ. ಲಿಬ್ರೆ ಆಫೀಸ್‌ನ ‘ಅಬೌಟ್’ ಕಿಟಕಿಯಲ್ಲಿ ಎಲ್ಲವನ್ನೂ ಕಾಪಿ ಮಾಡುವ ಗುಂಡಿ ಇದೆ. ಫೈರ್‌ಫಾಕ್ಸ್‌ನ ಸಹಾಯ ಮೆನುವಿನಲ್ಲಿ ಇದಕ್ಕೆಂದೇ ಒಂದು ಮಾಹಿತಿ ಪುಟ ಇದೆ. ಡೆಬಿಯನ್‌ನ ‘ರಿಪೋರ್ಟ್‌ಬಗ್’ ಪ್ಯಾಕೇಜ್ ಆವೃತ್ತಿ, ಅದು ಅವಲಂಬಿಸಿದ ಲೈಬ್ರರಿಗಳ ಪಟ್ಟಿ, ಎಲ್ಲವನ್ನೂ ತಾನೇ ತುಂಬುತ್ತದೆ. ‘ಲೇಟೆಸ್ಟ್ ವರ್ಷನ್’ ಅಂತ ಮಾತ್ರ ಬರೆಯಬೇಡಿ. ಆರು ತಿಂಗಳ ನಂತರ ಓದುವವರಿಗೆ ಯಾವುದು ಲೇಟೆಸ್ಟ್?

ಇಂಗ್ಲಿಷ್ ಬರೆಯಲು ಹಿಂಜರಿಕೆಯೇ? ಚಿಕ್ಕ ಚಿಕ್ಕ ವಾಕ್ಯ ಸಾಕು. ಹೆಜ್ಜೆಗಳು ಸರಿಯಿದ್ದರೆ ವ್ಯಾಕರಣದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಚಾಟ್‌ಬಾಟ್ ಹತ್ತಿರ ಪೂರ್ತಿ ವರದಿ ಬರೆಸಿ, ಪರೀಕ್ಷಿಸದೆ ಅಂಟಿಸುವುದು ಮಾತ್ರ ಬೇಡ. ನೋಡಲು ಗಂಭೀರವಾಗಿದ್ದು ಒಳಗೆ ಟೊಳ್ಳಾದ ಇಂಥ ಭದ್ರತಾ ವರದಿಗಳ ಬಗ್ಗೆ ಇಂಟರ್‌ನೆಟ್ ಮೂಲಕ ಮಾಹಿತಿ ಸಾಗಿಸುವ ಕರ್ಲ್ ಎಂಬ ಉಪಕರಣದ ಡೇನಿಯಲ್ ಸ್ಟೆನ್‌ಬರ್ಗ್ 2024ರಿಂದ ಬಹಿರಂಗವಾಗಿಯೇ ದೂರುತ್ತಾ ಬಂದಿದ್ದಾರೆ. ಒಂದು ಸುಳ್ಳು ವರದಿಯನ್ನು ಸುಳ್ಳು ಎಂದು ತೋರಿಸಲು ಅವರ ತಂಡದ ಎಷ್ಟೋ ಗಂಟೆ ಹೋಗುತ್ತದೆ.

ಲಾಗ್ ಕಳಿಸುವ ಮುನ್ನ ಒಮ್ಮೆ ಓದಿ. ಪಾಸ್‌ವರ್ಡ್, ಟೋಕನ್, ಮೇಲ್ ವಿಳಾಸ, ಫೋಲ್ಡರ್ ಹೆಸರಿನಲ್ಲಿ ನಿಮ್ಮ ಹೆಸರು, ಎಲ್ಲ ಅದರಲ್ಲಿ ಅಡಗಿರಬಹುದು. ಕ್ರ್ಯಾಶ್ ಆದಾಗ ಉಳಿಯುವ ಕೋರ್ ಡಂಪ್ ಇನ್ನೂ ಅಪಾಯದ್ದು, ಅದು ಪ್ರೋಗ್ರಾಮಿನ ಮೆಮೊರಿಯ ಪ್ರತಿ. ಅದನ್ನು ಎಲ್ಲರಿಗೂ ಕಾಣುವ ಟ್ರ್ಯಾಕರ್‌ಗೆ ಹಾಕಲೇಬೇಡಿ. ಕ್ರ್ಯಾಶ್ ವರದಿಗೆ ಬೇಕಾದದ್ದು ಬ್ಯಾಕ್‌ಟ್ರೇಸ್, ಅಂದರೆ ಯಾವ ಫಂಕ್ಷನ್ ಯಾವುದನ್ನು ಕರೆದು ಕೊನೆಗೆ ಎಲ್ಲಿ ಬಿತ್ತು ಎನ್ನುವ ಪಟ್ಟಿ. ಡೀಬಗ್ ಸಿಂಬಲ್‌ಗಳು (ಫಂಕ್ಷನ್‌ಗಳ ಹೆಸರು ತಿಳಿಸುವ ಮಾಹಿತಿ) ಇಲ್ಲದಿದ್ದರೆ ಆ ಪಟ್ಟಿಯಲ್ಲಿ ಹೆಸರುಗಳ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಕೆಡಿಇ ಎಂಬ ಡೆಸ್ಕ್‌ಟಾಪ್‌ನ ‘ಡಾಕ್ಟರ್ ಕಾಂಕಿ’ ಸಹಾಯಕ ನಿಮ್ಮ ಬ್ಯಾಕ್‌ಟ್ರೇಸ್ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ನಕ್ಷತ್ರ ಕೊಟ್ಟು ಹೇಳುತ್ತದೆ. ಚೆಂದದ ಏರ್ಪಾಡು.

ಹಂತ 6: ಮೊದಲು ಸರಿಯಿತ್ತೇ? ಹಾಗಾದರೆ ಬೈಸೆಕ್ಟ್ ಮಾಡಿ

ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದು ಹೊಸದರಲ್ಲಿ ಕೆಟ್ಟಿದ್ದರೆ ಅದನ್ನು ರಿಗ್ರೆಷನ್ ಎನ್ನುತ್ತಾರೆ. ಬಗ್‌ಗಳಲ್ಲಿ ಇದಕ್ಕೆ ವಿಶೇಷ ಸ್ಥಾನ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಂತೂ ಬಳಕೆದಾರರಿಗೆ ಕೆಲಸ ಮಾಡುತ್ತಿದ್ದದ್ದು ಕೆಡಬಾರದು ಎನ್ನುವುದು ಅದನ್ನು ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸ್ ಅವರ ಕಟ್ಟುನಿಟ್ಟಿನ ನಿಯಮ. ಕೆಟ್ಟರೆ ಆ ಬದಲಾವಣೆಯನ್ನು ಹಿಂದಕ್ಕೆ ತೆಗೆಯುವ ತನಕವೂ ಹೋಗುತ್ತಾರೆ.

ರಿಗ್ರೆಷನ್‌ನ ಅನುಕೂಲವೇನೆಂದರೆ, ತಪ್ಪು ಮಾಡಿದ ಕಮಿಟ್ (ಕೋಡ್‌ಗೆ ಸೇರಿಸಿದ ಒಂದು ಬದಲಾವಣೆ) ಯಾವುದು ಎಂದು ಕೋಡ್ ಓದದೆಯೇ ಹಿಡಿಯಬಹುದು. ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ ಇದಕ್ಕೆಂದೇ ಬೈಸೆಕ್ಟ್ ಎಂಬ ಆದೇಶ ಇದೆ. ಸರಿಯಿದ್ದ ಒಂದು ಆವೃತ್ತಿ, ಕೆಟ್ಟ ಒಂದು ಆವೃತ್ತಿ ಹೇಳಿದರೆ ಅದು ಎರಡರ ನಟ್ಟನಡುವಿನ ಕಮಿಟ್ ತೆಗೆದುಕೊಡುತ್ತದೆ. ನೀವು ಅದನ್ನು ಬಿಲ್ಡ್ ಮಾಡಿ (ಕೋಡ್‌ನಿಂದ ಓಡಿಸಬಹುದಾದ ಪ್ರೋಗ್ರಾಂ ತಯಾರಿಸಿ), ಪರೀಕ್ಷಿಸಿ, ‘ಗುಡ್’ ಅಥವಾ ‘ಬ್ಯಾಡ್’ ಎನ್ನಬೇಕು. ನಿಘಂಟನ್ನು ನಡುವೆ ತೆರೆದು ಪದ ಹಿಂದಿದೆಯೋ ಮುಂದಿದೆಯೋ ಎಂದು ನೋಡುವ ಹಾಗೆ. ಸಾವಿರ ಕಮಿಟ್ ಇದ್ದರೆ ಸುಮಾರು ಹತ್ತು ಸಲ ಪರೀಕ್ಷಿಸಿದರೆ ಸಾಕು. ಎರಡು ಸಾವಿರ ಇದ್ದರೆ ಇನ್ನೊಂದು ಸಲ, ಅಷ್ಟೇ. ನಡುವಿನ ಯಾವುದಾದರೂ ಕಮಿಟ್ ಬಿಲ್ಡ್ ಆಗದಿದ್ದರೆ ‘ಸ್ಕಿಪ್’ ಎಂದು ದಾಟಿ.

ಬಿಲ್ಡ್ ಮಾಡುವುದು ಗೊತ್ತಿಲ್ಲದವರಿಗೂ ದಾರಿ ಇದೆ. ಮೊಜಿಲ್ಲಾದ ಮೊಜ್‌ರಿಗ್ರೆಷನ್ ಎಂಬ ಉಪಕರಣ ದಿನದಿನದ ಫೈರ್‌ಫಾಕ್ಸ್‌ಗಳನ್ನು ತಾನೇ ಇಳಿಸಿಕೊಂಡು, ತೆರೆದು, ‘ಇದರಲ್ಲಿ ಬಗ್ ಇದೆಯಾ?’ ಎಂದು ಕೇಳುತ್ತಾ ಹೋಗುತ್ತದೆ. ನೀವು ಹೌದು, ಇಲ್ಲ ಎಂದರೆ ಆಯಿತು. ಲಿಬ್ರೆ ಆಫೀಸ್ ಸಮುದಾಯ ಮೊದಲೇ ಬಿಲ್ಡ್ ಮಾಡಿಟ್ಟ ಆವೃತ್ತಿಗಳ ದೊಡ್ಡ ಭಂಡಾರ ಇಟ್ಟಿದೆ. ಅದನ್ನು ಬಳಸಿ ಹುಡುಕುವುದಕ್ಕೆ ಅವರಲ್ಲಿ ಬಿಬಿಸೆಕ್ಟ್ ಎನ್ನುತ್ತಾರೆ. ನನ್ನನ್ನು ಕೇಳಿದರೆ, ಬಳಕೆದಾರನೊಬ್ಬ ಕಲಿಯಬಹುದಾದ ವಿದ್ಯೆಗಳಲ್ಲಿ ಇದಕ್ಕೇ ಫಲ ಜಾಸ್ತಿ. ‘ಈ ಕಮಿಟ್‌ನಿಂದ ಕೆಟ್ಟಿದೆ’ ಎಂದು ಬರೆದರೆ ಆ ಕಮಿಟ್ ಬರೆದವರೇ ಬಂದು ನೋಡುತ್ತಾರೆ.

ಬೈಸೆಕ್ಟ್ ಮಾಡುವಾಗ ಒಂದು ಎಚ್ಚರ. ಆಗೊಮ್ಮೆ ಈಗೊಮ್ಮೆ ಬರುವ ಬಗ್ ಆದರೆ ‘ಗುಡ್’ ಎನ್ನುವ ಮೊದಲು ಹಲವು ಸಲ ಪರೀಕ್ಷಿಸಿ. ಒಂದು ತಪ್ಪು ಉತ್ತರ ಕೊಟ್ಟರೆ ಮುಂದಿನ ಹುಡುಕಾಟವೆಲ್ಲ ದಾರಿ ತಪ್ಪುತ್ತದೆ.

ಹಂತ 7: ಭದ್ರತೆಯ ಬಗ್ ಆದರೆ ಸದ್ದು ಮಾಡಬೇಡಿ

ಇನ್ನೊಬ್ಬರ ಮಾಹಿತಿ ಕದಿಯಲು, ಅನುಮತಿಯಿಲ್ಲದೆ ಒಳಗೆ ನುಗ್ಗಲು ದಾರಿ ಮಾಡಿಕೊಡುವ ದೋಷ ಎನ್ನಿಸಿದರೆ ಸಾರ್ವಜನಿಕ ಟ್ರ್ಯಾಕರ್‌ಗೆ ಹಾಕಬೇಡಿ. ಯೋಜನೆಯ ಕೋಡ್ ಭಂಡಾರದಲ್ಲಿ ‘ಸೆಕ್ಯುರಿಟಿ’ ಹೆಸರಿನ ಫೈಲ್ ಇದೆಯೇ ನೋಡಿ. ಖಾಸಗಿಯಾಗಿ ಹೇಗೆ ತಿಳಿಸಬೇಕು ಎಂದು ಅದರಲ್ಲಿರುತ್ತದೆ. ಪರಿಹಾರ ಬಿಡುಗಡೆಯಾದ ಮೇಲೆ ವಿವರ ಬಹಿರಂಗವಾಗಲಿ.

ಬಹಳ ಜನ ಬಳಸುತ್ತಾರೆ ಅಂದಮಾತ್ರಕ್ಕೆ ಬಹಳ ಜನ ನೋಡುತ್ತಿದ್ದಾರೆ ಅಂತಲ್ಲ. ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ 1.0.1 ಆವೃತ್ತಿಯೊಳಗೆ ಕೂತಿತ್ತು. ಬಯಲಾಗಿದ್ದು 2014ರ ಏಪ್ರಿಲ್‌ನಲ್ಲಿ. ಎರಡು ವರ್ಷ ಜಗತ್ತಿನ ಅಸಂಖ್ಯ ಸರ್ವರ್‌ಗಳು ಅದನ್ನು ಓಡಿಸುತ್ತಿದ್ದವು, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು 2024ರ ಎಕ್ಸ್‌ಝಡ್ ಪ್ರಕರಣ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಬೇರೇನೋ ವೇಗ ಅಳೆಯುತ್ತಿದ್ದರು. ದೂರದ ಕಂಪ್ಯೂಟರಿಗೆ ಒಳಹೋಗಲು ಬಳಸುವ ಎಸ್‌ಎಸ್‌ಎಚ್‌ನ ಲಾಗಿನ್ ಯಾಕೋ ಜಾಸ್ತಿ ಸಿಪಿಯು ತಿನ್ನುತ್ತಿದೆ, ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಕಂಡಿತು. ಹೋಗಲಿ ಎಂದು ಬಿಡದೆ ಬೆನ್ನು ಹತ್ತಿದರು. ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಉಪಕರಣದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಹಿಂಬಾಗಿಲು ಅಡಗಿಸಿಟ್ಟಿದ್ದು ಬಯಲಾಯಿತು. ಅವರು ಮೊದಲು ಡೆಬಿಯನ್ ಭದ್ರತಾ ತಂಡಕ್ಕೆ ಖಾಸಗಿಯಾಗಿ ತಿಳಿಸಿದರು. ಮಾರ್ಚ್ 29ರಂದು ಅದು ಬಹಿರಂಗವಾಯಿತು. ಹೆಚ್ಚಿನ ಡಿಸ್ಟ್ರೋಗಳ ಸ್ಥಿರ ಆವೃತ್ತಿಗೆ ಆ ಕೋಡ್ ಇನ್ನೂ ತಲುಪಿರಲಿಲ್ಲ.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಎಕ್ಸ್‌ಝಡ್ ನೋಡಿಕೊಳ್ಳುತ್ತಿದ್ದದ್ದು ಬಿಡುವಿನಲ್ಲಿ ಕೆಲಸ ಮಾಡುವ ಒಬ್ಬರೇ ಸ್ವಯಂಸೇವಕರು. 2022ರಲ್ಲಿ ಕೆಲವು ಖಾತೆಗಳು ‘ಯಾಕೆ ಇಷ್ಟು ನಿಧಾನ, ಬೇರೆಯವರಿಗೆ ಜವಾಬ್ದಾರಿ ಕೊಡಿ’ ಎಂದು ಅವರನ್ನು ಪೀಡಿಸಿದ್ದವು. ಆಮೇಲೆ ಜೊತೆಗಾರನಾಗಿ ಒಳಗೆ ಬಂದ ಖಾತೆಯಿಂದಲೇ ಹಿಂಬಾಗಿಲು ಬಂದದ್ದು. ಆ ಒತ್ತಡದ ಸಂದೇಶಗಳನ್ನು ಓದಿದರೆ ಟ್ರ್ಯಾಕರ್‌ಗಳಲ್ಲಿ ದಿನಾ ಕಾಣುವ ಸಿಡುಕಿನ ಮಾತುಗಳಿಗಿಂತ ಬೇರೆ ಅನ್ನಿಸುವುದೇ ಇಲ್ಲ. ಅದಕ್ಕೇ ಅವು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲವೇನೋ. ಯೋಜನೆ ನೋಡಿಕೊಳ್ಳುವ ಮೇಂಟೇನರ್ ಜೊತೆ ನಾವು ಆಡುವ ಮಾತು ಬರೀ ಸೌಜನ್ಯದ ಪ್ರಶ್ನೆ ಅಲ್ಲ ಅಂತ ನನಗೆ ಖಚಿತವಾಗಿದ್ದು ಇದನ್ನು ಓದಿದ ಮೇಲೆ.

ಹಂತ 8: ವರದಿ ಕಳಿಸಿದ ಮೇಲೆ

ಟ್ರ್ಯಾಕರ್‌ನ ಮೇಲ್‌ಗಳು ಬರುವಂತೆ ನೋಡಿಕೊಳ್ಳಿ. ಹೆಚ್ಚಿನ ಮಾಹಿತಿ ಕೇಳಿದಾಗ ಉತ್ತರ ಬರದಿದ್ದರೆ ವರದಿ ಕೆಲವು ವಾರ ಅಥವಾ ತಿಂಗಳಲ್ಲಿ ಮುಚ್ಚಿಹೋಗುತ್ತದೆ. ಕೇಳಿದ ಪರೀಕ್ಷೆ ಮಾಡಲು ಬರದಿದ್ದರೆ ‘ಇದನ್ನು ಹೇಗೆ ಮಾಡುವುದು?’ ಎಂದು ಕೇಳಿ. ಸುಮ್ನೆ ಇರುವುದಕ್ಕಿಂತ ಅದು ಎಷ್ಟೋ ವಾಸಿ.

ಯಾರೂ ಮಾತಾಡದಿದ್ದರೆ? ಕೆಲವು ವಾರ ಬಿಟ್ಟು ಹೊಸ ಆವೃತ್ತಿಯಲ್ಲಿ ಮತ್ತೆ ಪರೀಕ್ಷಿಸಿ, ಫಲಿತಾಂಶ ಬರೆಯಿರಿ. ‘ಏನಾಯಿತು?’ ಎಂದು ಕೇಳುವುದಕ್ಕಿಂತ ‘5.0ರಲ್ಲೂ ಇದೆ’ ಎನ್ನುವುದು ವರದಿಯನ್ನು ಮೇಲಕ್ಕೆ ತರುತ್ತದೆ. ‘ಇದು ಬಗ್ ಅಲ್ಲ, ಹೀಗೇ ಇರಬೇಕು’ ಎಂದು ಮುಚ್ಚಿದರೆ ಕಾರಣ ಓದಿ. ಒಪ್ಪಿಗೆಯಾಗದಿದ್ದರೆ ಒಮ್ಮೆ ನಿಮ್ಮ ಬಳಕೆಯನ್ನು ವಿವರಿಸಿ. ಮತ್ತೆ ಮತ್ತೆ ತೆರೆಯುವ ಜಗಳಕ್ಕೆ ಇಳಿಯಬೇಡಿ.

ಹಂತ 9: ಬೇರೆಯವರ ವರದಿಗೆ ಕೈ ಹಚ್ಚಿ

ಸಮುದಾಯದ ನಿಜವಾದ ಬಲ ಇಲ್ಲಿದೆ. ಬಂದ ವರದಿಗಳನ್ನು ನೋಡಿ, ಪರೀಕ್ಷಿಸಿ, ವಿಂಗಡಿಸುವ ಕೆಲಸಕ್ಕೆ ಟ್ರಯೇಜ್ ಎನ್ನುತ್ತಾರೆ. ಲಿಬ್ರೆ ಆಫೀಸ್‌ನಲ್ಲಿ ಹೊಸ ವರದಿ ‘ಅನ್‌ಕನ್‌ಫರ್ಮ್‌ಡ್’ ಆಗಿ ಶುರುವಾಗುತ್ತದೆ. ವರದಿ ಬರೆದವರಲ್ಲದೆ ಇನ್ನೊಬ್ಬರು ಅದೇ ಬಗ್ ಕಂಡು ದೃಢಪಡಿಸಿದರೆ ‘ನ್ಯೂ’ ಆಗುತ್ತದೆ. ಆ ಇನ್ನೊಬ್ಬರು ನೀವಾಗಬಹುದು. ಕೋಡ್ ಬರಬೇಕಿಲ್ಲ.

ಹೀಗೆ ಶುರು ಮಾಡಿ: ನೀವು ದಿನಾ ಬಳಸುವ ಪ್ರೋಗ್ರಾಮಿನ ಒಂದು ಚಿಕ್ಕ ಭಾಗ ಆರಿಸಿಕೊಳ್ಳಿ. ಅದರ ದೃಢವಾಗದ ವರದಿಗಳಲ್ಲಿ ಒಂದು ತೆಗೆಯಿರಿ. ಹೆಜ್ಜೆಗಳನ್ನು ಮಾಡಿ ನೋಡಿ. ಬಂದರೆ ನಿಮ್ಮ ಆವೃತ್ತಿ, ಸಿಸ್ಟಂ ಬರೆದು ದೃಢಪಡಿಸಿ. ಬರದಿದ್ದರೂ ಬರೆಯಿರಿ, ಎರಡು ಯಂತ್ರಗಳ ನಡುವಿನ ವ್ಯತ್ಯಾಸವೇ ಸುಳಿವು. ಹೆಜ್ಜೆ ಅರ್ಥವಾಗದಿದ್ದರೆ ಪ್ರಶ್ನೆ ಕೇಳಿ. ನಕಲು ಎನಿಸಿದರೆ ಮೂಲದ ಕೊಂಡಿ ಕೊಡಿ. ವರ್ಷಗಟ್ಟಲೆ ಹಳೆಯ ವರದಿಗಳನ್ನು ಹೊಸ ಆವೃತ್ತಿಯಲ್ಲಿ ಪರೀಕ್ಷಿಸುವುದೂ ಒಳ್ಳೆಯ ಕೆಲಸ. ಎಷ್ಟೋ ಬಗ್‌ಗಳು ಬೇರೆ ಯಾವುದೋ ಬದಲಾವಣೆಯಲ್ಲಿ ತಾವೇ ಸರಿಯಾಗಿರುತ್ತವೆ, ಹೇಳುವವರು ಇರುವುದಿಲ್ಲ.

ಕೆಲವು ಬಗ್‌ಗಳು ಕೆಲವರಿಗೇ ಕಾಣುತ್ತವೆ. ಒತ್ತಕ್ಷರ ತಪ್ಪು ಜಾಗದಲ್ಲಿ ಕೂತಿದೆ ಎಂದು ಆ ಲಿಪಿ ಓದಬಲ್ಲವರಿಗೆ ಮಾತ್ರ ಗೊತ್ತಾಗುತ್ತದೆ. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ಲೈಬ್ರರಿಯನ್ನು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲವೂ ಬಳಸುತ್ತವೆ. ಅಲ್ಲಿ ಒಂದು ದೋಷ ಸರಿಯಾದರೆ ಎಲ್ಲ ಕಡೆ ಸರಿಯಾಗುತ್ತದೆ. ಪರದೆ ಓದುವ ಸಾಧನ ಬಳಸುವವರ, ಬಲದಿಂದ ಎಡಕ್ಕೆ ಬರೆಯುವವರ, ಹಳೆಯ ಯಂತ್ರ ಇಟ್ಟುಕೊಂಡವರ ವರದಿಗಳೂ ಹೀಗೇ. ಅವರು ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

ಒಬ್ಬರೇ ಮಾಡಲು ಬೇಸರವಾದರೆ ಗುಂಪಿನಲ್ಲಿ ಸೇರಿ. ಫೆಡೋರಾದಲ್ಲಿ ‘ಟೆಸ್ಟ್ ಡೇ’ ನಡೆಯುತ್ತದೆ, ಡೆಬಿಯನ್‌ನಲ್ಲಿ ಬಗ್ ಹೊಸಕುವ ಪಾರ್ಟಿಗಳು ನಡೆಯುತ್ತವೆ. ಬಿಡುಗಡೆಗೆ ಮುಂಚಿನ ಬೀಟಾ ಆವೃತ್ತಿಗಳನ್ನು ಬಳಸುವುದೂ ದೊಡ್ಡ ಸಹಾಯ. ಆದರೆ ಮುಖ್ಯ ಕೆಲಸದ ಯಂತ್ರದಲ್ಲಿ ಬೇಡ, ಬ್ಯಾಕಪ್ ಇಲ್ಲದೆಯಂತೂ ಬೇಡವೇ ಬೇಡ.

ಹಂತ 10: ನೀವೇ ಸರಿ ಮಾಡುವುದಾದರೆ

ಸ್ವಲ್ಪ ಕೋಡ್ ಬರುತ್ತದೆಯೇ? ‘ಗುಡ್ ಫಸ್ಟ್ ಇಶ್ಯೂ’ ಎಂಬ ಗುರುತಿರುವ ಬಗ್‌ಗಳಿಂದ ಶುರು ಮಾಡಿ. ಯೋಜನೆಯ ಕೊಡುಗೆ ನಿಯಮಗಳನ್ನು ಮೊದಲು ಓದಿ. ಪ್ರತಿ ಯೋಜನೆಗೂ ತನ್ನದೇ ಪದ್ಧತಿ ಇದೆ. ಕೆಲವರಿಗೆ ಪುಲ್ ರಿಕ್ವೆಸ್ಟ್ (ನಿಮ್ಮ ಬದಲಾವಣೆ ಸೇರಿಸಿಕೊಳ್ಳಿ ಎಂದು ವೆಬ್‌ಸೈಟಿನಲ್ಲಿ ಕೇಳುವುದು) ಬೇಕು, ಲಿನಕ್ಸ್ ಕರ್ನಲ್‌ಗೆ ಇಮೇಲ್‌ನಲ್ಲಿ ಪ್ಯಾಚ್, ಅಂದರೆ ಬದಲಿಸಿದ ಸಾಲುಗಳ ಪಟ್ಟಿ, ಬೇಕು.

ಪ್ಯಾಚ್ ಚಿಕ್ಕದಾಗಿರಲಿ. ಬಗ್‌ಗೆ ಸಂಬಂಧಿಸಿದ ಸಾಲು ಮಾತ್ರ ಬದಲಿಸಿ. ಪಕ್ಕದ ಕೋಡ್ ಅಂದಗೊಳಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಸಾಧ್ಯವಾದರೆ ಮೊದಲು ಒಂದು ಪರೀಕ್ಷೆ ಬರೆಯಿರಿ. ಈಗಿನ ಕೋಡ್‌ನಲ್ಲಿ ಅದು ಫೇಲ್ ಆಗಬೇಕು, ನಿಮ್ಮ ಬದಲಾವಣೆ ಸೇರಿಸಿದರೆ ಪಾಸ್ ಆಗಬೇಕು. ಅದೇ ಬಗ್ ಮುಂದೆ ಮರಳಿ ಬಂದರೆ ಆ ಪರೀಕ್ಷೆ ಕೂಗಿ ಹೇಳುತ್ತದೆ. ಒಂದು ಸಾಲು ಯಾಕಿದೆ ಎಂದು ಗೊತ್ತಾಗದಿದ್ದರೆ ಅಳಿಸುವ ಮೊದಲು ಬರೆದವರನ್ನು ಕೇಳಿ. ಡೆಬಿಯನ್‌ನ ಕೀಲಿಗಳ ಪ್ರಸಂಗ ಮರೆಯಬೇಡಿ.

ರಿವ್ಯೂನಲ್ಲಿ ತಿದ್ದುಪಡಿ ಕೇಳುವುದು ಮಾಮೂಲು. ಅನುಭವಿಗಳ ಪ್ಯಾಚ್‌ಗಳೂ ಎರಡು ಮೂರು ಸುತ್ತು ಹೋಗುತ್ತವೆ. ಕಮಿಟ್ ಸಂದೇಶದಲ್ಲಿ ಏನು ಬದಲಿಸಿದಿರಿ ಎನ್ನುವುದಕ್ಕಿಂತ ಯಾಕೆ ಎಂದು ಬರೆಯಿರಿ. ಏನು ಎನ್ನುವುದು ಕೋಡ್‌ನಲ್ಲೇ ಕಾಣುತ್ತದೆ.

ಹಂತ 11: ಪರಿಹಾರ ನಿಜಕ್ಕೂ ಕೆಲಸ ಮಾಡುತ್ತದಾ?

ಡೆವಲಪರ್ ಹತ್ತಿರ ನಿಮ್ಮ ಪ್ರಿಂಟರ್ ಇಲ್ಲ, ನಿಮ್ಮ ವೈಫೈ ಚಿಪ್ ಇಲ್ಲ. ಎಷ್ಟೋ ಡ್ರೈವರ್ ಪ್ಯಾಚ್‌ಗಳು ಪರೀಕ್ಷಿಸುವವರಿಲ್ಲದೆ ಕಾಯುತ್ತಿರುತ್ತವೆ. ‘ಈ ಪ್ಯಾಚ್ ನೋಡ್ತೀರಾ?’ ಎಂದು ಕೇಳಿದರೆ ಬೇಗ ನೋಡಿ. ಬಗ್ ಹೋಯಿತೇ ಎನ್ನುವುದರ ಜೊತೆ ಪಕ್ಕದ ಕೆಲಸಗಳು ಸರಿ ನಡೆಯುತ್ತಿವೆಯೇ ಎಂದೂ ನೋಡಿ. ಕರ್ನಲ್‌ನಲ್ಲಿ ವರದಿ ಮಾಡಿದವರ, ಪರೀಕ್ಷಿಸಿದವರ ಹೆಸರುಗಳು ‘ರಿಪೋರ್ಟೆಡ್-ಬೈ’, ‘ಟೆಸ್ಟೆಡ್-ಬೈ’ ಎಂದು ಕಮಿಟ್ ಒಳಗೇ ಸೇರುತ್ತವೆ. ಗಿಟ್ ಇತಿಹಾಸದಲ್ಲಿ ಅವು ಹಾಗೇ ಉಳಿಯುತ್ತವೆ.

ವರದಿ ‘ಫಿಕ್ಸ್‌ಡ್’ ಎಂದು ಮುಚ್ಚಿದ ದಿನವೇ ನಿಮ್ಮ ಕಂಪ್ಯೂಟರಿಗೆ ಪರಿಹಾರ ಬರುವುದಿಲ್ಲ. ಅದು ಮುಂದಿನ ಬಿಡುಗಡೆಗೆ ಸೇರಬೇಕು, ಡಿಸ್ಟ್ರೋ ಅದನ್ನು ಪ್ಯಾಕೇಜ್ ಮಾಡಬೇಕು. ಸ್ಥಿರ ಆವೃತ್ತಿ ಬಳಸುವವರಿಗೆ ತಿಂಗಳುಗಳೇ ಆಗಬಹುದು. ಯಾವ ಆವೃತ್ತಿಯಲ್ಲಿ ಬರುತ್ತದೆ ಎಂದು ವರದಿಯಲ್ಲಿ ಬರೆದಿರುತ್ತಾರೆ, ಗುರುತು ಮಾಡಿಕೊಳ್ಳಿ. ಅದು ಬಂದ ಮೇಲೆ ನೀವು ಮಾಡಿಕೊಂಡಿದ್ದ ತಾತ್ಕಾಲಿಕ ಉಪಾಯವನ್ನು ತೆಗೆದುಹಾಕಿ, ಹಳೆಯ ಹೆಜ್ಜೆಗಳನ್ನು ಇನ್ನೊಮ್ಮೆ ಮಾಡಿ. ಸರಿಯಾಗಿದ್ದರೆ ‘ಇಂಥ ಆವೃತ್ತಿಯಲ್ಲಿ ಸರಿಯಾಗಿದೆ’ ಎಂದು ಒಂದು ಸಾಲು ಬರೆಯಿರಿ. ಇನ್ನೂ ಬರುತ್ತಿದ್ದರೆ ಅದೇ ವರದಿ ತೆರೆಯುವ ಮುನ್ನ ಲಕ್ಷಣ ಪೂರ್ತಿ ಅದೇನಾ ಎಂದು ನೋಡಿ. ಸ್ವಲ್ಪ ಬೇರೆಯಿದ್ದರೂ ಹೊಸ ವರದಿ ಬರೆದು ಹಳೆಯದರ ಕೊಂಡಿ ಕೊಡಿ.